ದುಬಲಗುಂಡಿಯ ಭೀಮಶಾ ಬ್ಯಾಟರಿ ಹಾಕಿಸಿಕೊಂಡದ್ದು

ನಮ್ಮ ದುಬಲಗುಂಡಿಯಲ್ಲಿ ಭೀಮಶಾನಷ್ಟು ಕಡಿಮೆ ಮಾತಾಡುವ ಮನುಷ್ಯ ಇನ್ನೊಬ್ಬನಿಲ್ಲ. ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಹುಮನಾಬಾದ, ಬಸವಕಲ್ಯಾಣ ಎಂದು ಓಡಾಡಿ, ಜನರ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದು ನಿವೃತ್ತನಾದವನು. ಟಿಕೆಟ್ ಕೊಡುವಷ್ಟರಲ್ಲಿ ಜನ ಮಗಳ ಬಾಣಂತನದಿಂದ ಹಿಡಿದು ಎಮ್ಮೆಯ ಕೆಚ್ಚಲಿನವರೆಗೆ ಎಲ್ಲ ಹೇಳಿಬಿಡುತ್ತಾರೆ. ಭೀಮಶಾ ಮಾತ್ರ, ಎಲ್ಲಿಗೆ ಎಂದು ಕೇಳಿದರೆ, ಬಸ್ಸು ಹೋಗುವ ಕಡೆಗೆ ಗದ್ದ ಎತ್ತುತ್ತಿದ್ದ. ಆ ಕಡೆಗೆ ಎಷ್ಟು ಊರುಗಳಿವೆ ಎಂಬುದು ಅವನಿಗೆ ಸಂಬಂಧವಿಲ್ಲದ ವಿಷಯ.

ಅವನು ಕುರಿ ಕಾಯುವವನು. ಅವನ ಕುರಿದೊಡ್ಡಿ ನನ್ನ ಹೊಲಕ್ಕೆ ಹತ್ತಿಕೊಂಡೇ ಇದೆ. ರಾಶಿ ಮುಗಿದ ಮೇಲೆ ಗೊಬ್ಬರಕ್ಕೆಂದು ತನ್ನ ಕುರಿಗಳನ್ನು ನನ್ನ ಹೊಲದಲ್ಲಿ ಕೂಡಿಸುತ್ತಾನೆ, ನಾನು ಜೋಳ ಕೊಡುತ್ತೇನೆ. ಹೀಗೆ ವರ್ಷಗಟ್ಟಲೆ ಒಂದೇ ಬದುವಿನ ಮೇಲೆ ಕೂತಿದ್ದೇವೆ. ಮಾತು ನಂದು, ಮೌನ ಅವನದು. ಊರಿನಲ್ಲಿ ನ್ಯಾಯ ಪಂಚಾಯಿತಿ ನಡೆದರೆ, ಬೀಗರ ಜೊತೆ ಮಾತುಕತೆ ನಡೆದರೆ, ಅವನು ಕಂಬಳಿ ಹಾಸಿಕೊಂಡು ಒಂದು ಮೂಲೆಗೆ ಕೂಡುತ್ತಿದ್ದ. ನಿನಗೇನು ಅನಿಸುತ್ತದೆ ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ. ಅವನ ಹೆಂಡತಿ ಮಾಣಿಕಮ್ಮ ಒಬ್ಬಳೇ ಕೇಳುತ್ತಿದ್ದಳು. ಅವಳಿಗೆ ಸಿಗುತ್ತಿದ್ದ ಉತ್ತರ ಹೂಂ ಅಥವಾ ಊಹೂಂ.

ಇಂಥವನ ಮೈಮೇಲೆ ಹೋದ ವರ್ಷ ದೇವರು ಬಂತು.

ಅವತ್ತು ಮಹಾಲಯ ಅಮಾವಾಸ್ಯೆ. ಊರ ಹೊರಗಿನ ಬೀರಪ್ಪನ ಗುಡಿ ಮುಂದೆ ಡೊಳ್ಳು ಬಾರಿಸುತ್ತಿದ್ದರು. ಹಿಂದೆ ಅಲ್ಲಿನ ಹಳೆಯ ಪೂಜಾರಿಯ ಮೈಮೇಲೆ ಬೀರಪ್ಪ ಬಂದು ಹೇಳಿಕೆ ಹೇಳುತ್ತಿದ್ದ. ಮಳೆ, ಬೆಳೆ, ಮದುವೆ, ಕಳುವು, ಯಾವುದನ್ನು ಕೇಳಿದರೂ ಉತ್ತರ ಸಿಗುತ್ತಿತ್ತು. ಆ ಪೂಜಾರಿ ತೀರಿಕೊಂಡ ಮೇಲೆ ದೇವರು ಯಾರ ಮೈಮೇಲೂ ಬಂದಿರಲಿಲ್ಲ. ಮಂದಿ ಕಾಯುತ್ತಿದ್ದರು. ಡೊಳ್ಳಿನ ಏಟು ಜೋರಾದ ಹೊತ್ತಿಗೆ, ಕಾಯಿಯ ಬುಟ್ಟಿ ಹಿಡಿದು ಮೂಲೆಯಲ್ಲಿ ನಿಂತಿದ್ದ ಭೀಮಶಾನ ಮುಖ ಬಿಳಿಚಿಕೊಂಡು, ಕಣ್ಣು ಮೇಲೆ ಹೋಗಿ, ಅವನು ಧಪ್ಪನೆ ಬಿದ್ದ. ಡೊಳ್ಳು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ತಾನೇ ಕಣ್ಣು ತೆರೆದು ಎದ್ದು ಕೂತ. ಮೈಯೆಲ್ಲ ಬೆವರು. ಬಿಳಿಚಿದ್ದ ಮುಖಕ್ಕೆ ರಕ್ತ ಏರಿ ಕೆಂಪಗಾಗಿತ್ತು. ಅದನ್ನು ನೋಡಿದ ಮಂದಿಗೆ ಇನ್ನೇನು ಬೇಕು? ಹಣೆಗೆ ಭಂಡಾರದ ಅರಿಶಿನ ಬಳಿದು, ಕಾಲಿಗೆ ಬಿದ್ದು, ಒಬ್ಬ ಮುದುಕ ಕೇಳಿಯೇಬಿಟ್ಟ.

"ಅಪ್ಪಾ, ಹಿಂಗಾರಿ ಮಳಿ ಹ್ಯಾಂಗ?"

ಭೀಮಶಾ ಇನ್ನೂ ಮಂಪರಿನಲ್ಲಿದ್ದ. ತಲೆ ಎತ್ತಿ ಆಕಾಶ ನೋಡಿದ. "ತೊಗರಿಗಿ ಸಾಕಾಗೂವಷ್ಟು ಬರ್ತದ," ಎಂದ.

ಹೇಳಿದಷ್ಟೇ ಮಳೆ ಬಂತು. ಹುಟ್ಟಿದಾಗಿನಿಂದ ಆಕಾಶದ ಕೆಳಗೇ ಬದುಕಿದವನು ಅಷ್ಟು ಹೇಳಿದ್ದರಲ್ಲಿ ನನಗೆ ಸೋಜಿಗವೇನೂ ಕಾಣಲಿಲ್ಲ. ಊರಿಗೆ ಕಂಡಿತು. ಆಮೇಲೆ ಅಮಾವಾಸ್ಯೆ ಬಂತೆಂದರೆ ಅವನನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸತೊಡಗಿದರು. ಒಮ್ಮೊಮ್ಮೆ ಬೀಳುತ್ತಿದ್ದ, ಒಮ್ಮೊಮ್ಮೆ ಬೀಳುತ್ತಿರಲಿಲ್ಲ. ಬಿದ್ದರೆ ದೇವರು ಬಂದ, ಬೀಳದಿದ್ದರೆ ದೇವರು ಮುನಿಸಿಕೊಂಡ. ಎರಡಕ್ಕೂ ಕಾಯಿ ಒಡೆಯುತ್ತಿದ್ದರು.

ಇಲ್ಲೊಂದು ಮಾತು ನ್ಯಾಯವಾಗಿ ಹೇಳಬೇಕು. ಅವನ ಹೇಳಿಕೆಗಳಲ್ಲಿ ಒಂದೂ ಕೆಟ್ಟ ಮಾತಿರಲಿಲ್ಲ. ಅಣ್ಣತಮ್ಮಂದಿರು ಬದುವಿಗಾಗಿ ಹೊಡೆದಾಡಿಕೊಂಡು ಬಂದರೆ, ಬದುವಿಗೆ ಬೇವಿನ ಗಿಡ ಹಚ್ಚಿ ಇಬ್ಬರೂ ನೆರಳಿಗೆ ಕೂಡಿರಿ ಎಂದ. ಅವನ ಅಣ್ಣನ ಮಗ ಅವಿನಾಶ, ತನ್ನ ಮಗಳು ಕಾಜಲಳಿಗೆ ಹುಡಗಿ ಎಂಬ ಊರಿನಿಂದ ಸಂಬಂಧ ಬಂದಿದೆ, ಹುಮನಾಬಾದಿನ ಕಾಲೇಜು ಬಿಡಿಸಿ ಮದುವೆ ಮಾಡಲೋ ಎಂದು ಕೇಳಿದಾಗ, "ಹುಡುಗಿ ಓದು ಮುಗಿಸಲಿ. ಸಂಬಂಧ ಎಲ್ಲಿ ಓಡಿ ಹೋಗ್ತಾವ," ಎಂದ. ಅವಿನಾಶ ಮಹಾ ಹಟಮಾರಿ. ಹೆಂಡತಿ ಅತ್ತರೂ ಕೇಳದವನು, ದೇವರ ಮಾತಿಗೆ ತಲೆಬಾಗಿ ಸಂಬಂಧ ಬಿಟ್ಟುಕೊಟ್ಟ. ಕಾಜಲ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗುವುದು ಮುಂದುವರಿಯಿತು.

ಭೀಮಶಾ ಬದಲಾದ. ಬೆನ್ನು ನೆಟ್ಟಗಾಯಿತು. ಕೊರಳಲ್ಲಿ ಭಂಡಾರದ ಚೀಲ ಬಂತು. ದಾರಿಯಲ್ಲಿ ಮಂದಿ ನಿಂತು ಕೈ ಮುಗಿದರೆ ಇವನೂ ನಿಲ್ಲುತ್ತಿದ್ದ. ನನಗೆ ಒಳಗೊಳಗೇ ನಗು, ಜೊತೆಗೆ ಹೆದರಿಕೆ. ಒಮ್ಮೆ ನನ್ನ ಹೊಲದಲ್ಲೇ ಅವನು ಬಿದ್ದದ್ದನ್ನು ನಾನು ಕಂಡಿದ್ದೆ. ಅಲ್ಲಿ ಡೊಳ್ಳೂ ಇರಲಿಲ್ಲ, ಗುಡಿಯೂ ಇರಲಿಲ್ಲ. ಇದು ಬೇಮಾರಿ, ದವಾಖಾನೆಗೆ ತೋರಿಸಿರಿ ಎಂದು ಚಹಾದ ಅಂಗಡಿಯ ಮುಂದೆ ಹೇಳಿದೆ. ನಾವು ಬುದ್ಧ ವಿಹಾರಕ್ಕೆ ಹೋಗುವ ಮಂದಿ. ಅವಿನಾಶ ನನ್ನನ್ನು ನೋಡಿ ನಕ್ಕ.

"ಮಚ್ಚೇಂದ್ರಣ್ಣ, ನಿಮಗ ದೇವರೇ ಇಲ್ಲ. ಬಂದ್ರ ನಿಮಗ ಹ್ಯಾಂಗ ಗುರ್ತ ಸಿಗಬೇಕು?"

ನಾನು ಚಹಾದ ರೊಕ್ಕ ಕೊಟ್ಟು ಎದ್ದು ಬಂದೆ.

ಭೀಮಶಾನನ್ನು ಉಳಿಸಿದ್ದು ಕೊಹಿನೂರು. ಬಸವಕಲ್ಯಾಣ ತಾಲ್ಲೂಕಿನ ಆ ಊರು ಮಾಣಿಕಮ್ಮನ ತವರು. ಈ ವರ್ಷ ಬೇಸಿಗೆಯ ಮೊದಲಲ್ಲಿ ಅವಳ ತಮ್ಮನ ಮನೆಯಲ್ಲಿ ತೊಟ್ಟಿಲ ಕಾರ್ಯಕ್ಕೆಂದು ಗಂಡ ಹೆಂಡತಿ ಹೋಗಿದ್ದರು. ಊಟಕ್ಕೆ ಕೂತಿದ್ದ ಭೀಮಶಾ ಪಂಕ್ತಿಯಲ್ಲೇ ಪಕ್ಕಕ್ಕೆ ವಾಲಿ ಬಿದ್ದ. ಅವನು ದೇವರು ಎಂಬುದು ಕೊಹಿನೂರಿನವರಿಗೆ ಗೊತ್ತಿರಲಿಲ್ಲ. ಅವರಿಗೆ ಅವನು ಬರೀ ಅಳಿಯ. ಹಾಗಾಗಿ ಕಾಯಿ ಒಡೆಯದೆ, ಎತ್ತಿ ಆಟೋದಲ್ಲಿ ಹಾಕಿಕೊಂಡು ಬಸವಕಲ್ಯಾಣದ ದವಾಖಾನೆಗೆ ಒಯ್ದರು.

ಅಲ್ಲಿನ ಡಾಕ್ಟರು ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದು ನೋಡಿದರು. ಆಮೇಲೆ ಮಾಣಿಕಮ್ಮನನ್ನು ಕರೆದು, ಅವಳಿಗೆ ತಿಳಿಯುವ ಹಾಗೆ ಹೇಳಿದರು. ಪಂಪ್‌ಸೆಟ್ ಚೆನ್ನಾಗಿದೆ, ಆದರೆ ಅದಕ್ಕೆ ಬರುವ ಕರೆಂಟು ನಡುನಡುವೆ ಹೋಗುತ್ತಿದೆ. ಕರೆಂಟು ಹೋದಾಗ ಗುಂಡಿಗೆ ನಿಲ್ಲುತ್ತದೆ, ಆಗ ಇವರು ಬೀಳುತ್ತಾರೆ. ಇಲ್ಲಿಯತನಕ ಪ್ರತಿ ಸಲ ಕರೆಂಟು ತಿರುಗಿ ಬಂದಿದೆ. ಒಂದು ಸಲ ಬರಲಿಕ್ಕಿಲ್ಲ. ಎಡಗಡೆ ಕೊರಳ ಎಲುಬಿನ ಕೆಳಗೆ ಚರ್ಮದೊಳಗೆ ಒಂದು ಸಣ್ಣ ಬ್ಯಾಟರಿ ಇಟ್ಟರೆ ಚಿಂತೆಯಿಲ್ಲ. ದೊಡ್ಡ ಆಪರೇಷನ್ ಅಲ್ಲ, ಎದೆ ಸೀಳುವುದಿಲ್ಲ, ಪೂರ್ತಿ ಮಂಪರು ಸಹ ಕೊಡುವುದಿಲ್ಲ. ಕಲಬುರಗಿಗೆ ಹೋಗಿರಿ, ಸರ್ಕಾರದ ಕಾರ್ಡಿನಲ್ಲಿ ಆಗುತ್ತದೆ, ತಡ ಮಾಡಬೇಡಿರಿ.

ಮಲಗಿದ್ದ ಭೀಮಶಾ ಆಗ ಬಾಯಿ ತೆರೆದ. "ಅದು ಹಾಕಿದ ಮ್ಯಾಲ ನಾ ಬೀಳೂದಿಲ್ಲೇನ್ರಿ?"

"ಒಂದು ಸಲನೂ ಬೀಳೂದಿಲ್ಲ," ಎಂದರು ಡಾಕ್ಟರು, ಸಂತೋಷದಿಂದ.

ಭೀಮಶಾ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದ. ಡಾಕ್ಟರು ಬೈದರೂ ತಿರುಗಿ ನೋಡಲಿಲ್ಲ.

ಊರಿಗೆ ಬಂದ ಮರುದಿನ ಮಾಣಿಕಮ್ಮ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಅಂಬುಬಾಯಿ ಕೊಟ್ಟ ನೀರನ್ನೂ ಕುಡಿಯದೆ, "ಮಚ್ಚೇಂದ್ರಣ್ಣ, ನಿಮಗ ಕಲಬುರಗಿ ಗೊತ್ತದ. ನಮ್ಮ ಜೋಡಿ ಬರ್ತೀರೇನು?" ಎಂದು ಕೇಳಿದಳು. ಬರುತ್ತೇನೆ, ಆದರೆ ಅವನು ಒಪ್ಪಬೇಕಲ್ಲ ಎಂದೆ. "ಒಪ್ಪಸ್ತೀನಿ," ಎಂದಳು. ನಾನು ಅವಳ ಹಿಂದೆ ಹೊರಟೆ.

ಅವರ ಅಂಗಳದಲ್ಲಿ ಆಗಲೇ ಮಂದಿ ಸೇರಿದ್ದರು. ಸುದ್ದಿ ಬಸ್ಸಿಗಿಂತ ಮೊದಲೇ ಊರು ಮುಟ್ಟಿತ್ತು. ಅವಿನಾಶ ಮುಂದೆ ಕೂತಿದ್ದ. "ಕಾಕಾ, ಮಷೀನ್ ಹಾಕಿಸಿಕೊಂಡ್ರ ದೇವರು ಮತ್ತ ಬರ್ತಾನೇನು? ವಿಚಾರ ಮಾಡು. ಊರಿಗೇ ಇದ್ದಾಂವ ನೀ ಒಬ್ಬನೇ." ಉಳಿದವರು ಹೌದು ಹೌದು ಎಂದರು. ಅವರಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಗುಂಡಿಗೆ ನಿಲ್ಲುತ್ತದೆ ಎಂಬುದು ಅವರ ಕಣ್ಣಿಗೆ ಕಂಡಿರಲಿಲ್ಲ. ದೇವರು ಕಂಡಿದ್ದ.

ಭೀಮಶಾ ಹೆಂಡತಿಯ ಕಡೆ ನೋಡದೆ, "ನನಗ ಬ್ಯಾಟರಿ ಬ್ಯಾಡ," ಎಂದ.

ಮಾಣಿಕಮ್ಮ ಹಿರಿಯರ ಮುಂದೆ ಎಂದೂ ಸೆರಗು ಸರಿಸಿದವಳಲ್ಲ. ಅವತ್ತೂ ಸರಿಸಲಿಲ್ಲ. ಬಾಗಿಲ ಪಕ್ಕದಲ್ಲಿ ನಿಂತು, ದನಿ ಏರಿಸದೆ ಹೇಳಿದಳು.

"ಇವರು ಬಿದ್ದಾಗ ನೀವೆಲ್ಲ ಕಾಲಿಗಿ ಬೀಳ್ತಿದ್ರಿ. ನಾ ಎದಿ ಮ್ಯಾಲ ಕೈ ಇಡ್ತಿದ್ದೆ. ಒಳಗ ಏನೂ ಇರ್ತಿರಲಿಲ್ರಿ. ಒಂದು ಬಡಿತ ಸುದ್ದಾ ಇಲ್ಲ. ನೀವು ಭಂಡಾರ ಹಾರಸ್ತಿದ್ರಿ, ನಾ ಕೈ ಅಲ್ಲೇ ಇಟ್ಕೊಂಡು ಕುಂತಿರ್ತಿದ್ದೆ. ನಿಮಗ ದೇವರು ಬಂದಾಂಗ ಆಗ್ತಿತ್ತು. ನನಗ ಗಂಡ ಹೋದಾಂಗ ಆಗ್ತಿತ್ತು. ಇವರು ಬಿದ್ದ ಪ್ರತಿ ಸಲ ನಾ ರಂಡಿ ಆಗಿ, ತಿರುಗಿ ಮುತ್ತೈದಿ ಆಗೀನಿ. ಇನ್ನ ನನ್ನಿಂದ ಆಗೂದಿಲ್ಲ."

ಅವಿನಾಶ ಟೋಪಿ ತೆಗೆದು ತಲೆ ಕೆರೆದುಕೊಂಡ. ಒಬ್ಬೊಬ್ಬರೇ ಎದ್ದು ಹೋದರು. ಭೀಮಶಾ ನೆಲ ನೋಡುತ್ತ ಕೂತಿದ್ದ. ನಾನೂ ಎದ್ದು ಬಂದೆ, ಇನ್ನು ಅವರಿಬ್ಬರಿಗೆ ಬಿಟ್ಟದ್ದು ಎಂದುಕೊಂಡು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಭೀಮಶಾ ತೊಳೆದ ಧೋತರ ಉಟ್ಟು ನಮ್ಮ ಬಾಗಿಲಿಗೆ ಬಂದು ನಿಂತ.

"ಕಲಬುರಗಿ ಬಸ್ಸು ಎಷ್ಟಕ್ಕ ಅದ?" ಎಂದ.

ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಕಲಬುರಗಿ ಮುಟ್ಟಿದೆವು. ದಾರಿಯುದ್ದಕ್ಕೂ ಮಾಣಿಕಮ್ಮ ಅವನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು. ನೋಡುವವರಿಗೆ ಇದೇನು ಮುದುಕ ಮುದುಕಿಯ ಸರಸ ಎನಿಸಿರಬೇಕು. ಹಿಂದಿನ ಸೀಟಿನ ಹುಡುಗಿಯರು ಕಿಸಕ್ಕೆಂದರು. ಅವಳು ನಾಡಿ ಹಿಡಿದಿದ್ದಾಳೆ ಎಂಬುದು ನನಗೆ ಗೊತ್ತಿತ್ತು.

ದವಾಖಾನೆಯಲ್ಲಿ ಎಲ್ಲ ಪರೀಕ್ಷೆ ಮುಗಿದು, ಮರುದಿನ ಬ್ಯಾಟರಿ ಹಾಕುವುದೆಂದು ಆಯಿತು. ಆ ವಾರ್ಡಿನ ಸಿಸ್ಟರ್ ವಹೀದಾ ನಮ್ಮ ಹುಮನಾಬಾದಿನವಳೇ. ಊರ ಹೆಸರು ಕೇಳಿ ಖುಷಿಯಾದಳು. "ಕಾಕಾ, ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ. ಸೂಜಿ ಚುಚ್ಚಿದ್ದೊಂದು ಗೊತ್ತಾಗ್ತದ, ಆಮ್ಯಾಲ ಡಾಕ್ಟರ್ ಜೋಡಿ ಮಾತಾಡ್ಕೋತ ಮಲಗೂದು," ಎಂದಳು. ಇವನಿಗೆ ಸೂಜಿಗಿಂತ ಮಾತೇ ಕಷ್ಟ ಎಂದು ನಾನು ಹೇಳಿದೆ. ಮರುದಿನ ಬೆಳಿಗ್ಗೆ ಅವಳೇ ಎದೆಯ ಕೂದಲು ತೆಗೆದು, ಔಷಧಿ ಒರೆಸಿ, ಹಸಿರು ಅಂಗಿ ಹಾಕಿಸಿದಳು. ಕೊರಳಲ್ಲಿನ ಭಂಡಾರದ ಚೀಲ ತೆಗೆಯಬೇಕು ಎಂದಾಗ ಭೀಮಶಾ ಒಂದು ಗಳಿಗೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಆಮೇಲೆ ತಾನೇ ಬಿಚ್ಚಿ ಮಾಣಿಕಮ್ಮನ ಕೈಗೆ ಕೊಟ್ಟ.

ಒಳಗೆ ಕರೆಯಲು ಇನ್ನೂ ಹೊತ್ತಿತ್ತು. ಅವನು ಮಂಚದ ಮೇಲೆ, ಅವಳು ಸ್ಟೂಲಿನ ಮೇಲೆ, ನಾನು ಕಿಟಕಿಯ ಹತ್ತಿರ. ಭೀಮಶಾ ಛಾವಣಿ ನೋಡುತ್ತ, ಯಾರೂ ಕೇಳದೆ, ತಾನಾಗಿಯೇ ಮಾತಾಡಿದ. ನಾನು ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ಅದುವರೆಗೆ ಕೇಳಿರಲಿಲ್ಲ.

"ದೇವರು ಬಂದಿದ್ನೋ ಇಲ್ಲೋ ನನಗ ಗೊತ್ತಿಲ್ಲ ಮಾಣಿಕಾ. ಕಣ್ಣಿಗಿ ಕತ್ತಲಿ ಬರ್ತಿತ್ತು, ಅಷ್ಟೇ. ಎದ್ದ ಮ್ಯಾಲ ಎಲ್ಲಾರೂ ನನ್ನ ಮಾರಿ ನೋಡ್ಕೋತ ಕುಂತಿರ್ತಿದ್ರು. ಕೇಳ್ತಿದ್ರು. ನನಗ ತಿಳಿದದ್ದು ಹೇಳ್ತಿದ್ದೆ. ಅದಕ್ಕಿಂತ ಮೊದಲ ನನಗ ಯಾರೂ ಏನೂ ಕೇಳಿರ್ಲಿಲ್ಲ."

"ನಾ ಕೇಳ್ತಿದ್ದಿಲ್ಲೇನ್ರಿ?" ಎಂದಳು ಮಾಣಿಕಮ್ಮ. "ಇಷ್ಟು ವರ್ಷ ಕೇಳ್ಕೋತ ಬಂದೀನಿ. ನನಗ ಹೂಂ, ಊರಿಗಿ ಹೇಳಿಕಿ."

ಅವನು ನಕ್ಕ. ಅವಳೂ ನಕ್ಕಳು. ನಾನು ಕಿಟಕಿಯ ಹೊರಗೆ ನೋಡಿದೆ. ನಗುತ್ತಲೇ ಅವನು, "ಇನ್ನ ಯಾರೂ ಕೇಳೂದಿಲ್ಲ ಬಿಡು," ಎಂದ. ಆ ಮಾತಿನಲ್ಲಿ ನಗುವಿರಲಿಲ್ಲ. ಅವನು ಒಳಗೆ ಹೊರಟಿದ್ದು ಬ್ಯಾಟರಿ ಹಾಕಿಸಿಕೊಳ್ಳಲಿಕ್ಕಷ್ಟೇ ಅಲ್ಲ, ಮತ್ತೆ ಮೂಲೆಗೆ ಹೋಗಿ ಕೂಡಲಿಕ್ಕೆ. ಅದು ಗೊತ್ತಿದ್ದೂ ಹೊರಟಿದ್ದ, ಅವಳಿಗಾಗಿ.

ಗಾಲಿ ಮಂಚ ಬಂತು. ಮಾಣಿಕಮ್ಮ ಬಾಗಿಲವರೆಗೂ ಅವನ ಕೈ ಹಿಡಿದು ನಡೆದಳು. ಬಾಗಿಲು ಮುಚ್ಚಿದ ಮೇಲೆ ಗೋಡೆಗೆ ಒರಗಿ ನಿಂತೇ ಇದ್ದಳು. ಕೂಡು ಎಂದರೆ ಕೂಡಲಿಲ್ಲ, ಚಹಾ ತಂದುಕೊಟ್ಟರೆ ನನಗೇ ತಿರುಗಿ ಕೊಟ್ಟಳು. ಒಳಗೆ ನಡೆದದ್ದನ್ನು ಆಮೇಲೆ ಭೀಮಶಾ ಹೇಳಿದ. ಮುಖದ ಹತ್ತಿರ ಹಸಿರು ಬಟ್ಟೆಯ ಮರೆ ಕಟ್ಟಿದ್ದರಂತೆ. ಚರ್ಮ ಮರಗಟ್ಟಿದ ಮೇಲೆ ನೋವಿಲ್ಲ, ಒತ್ತಿದ್ದು ಮಾತ್ರ ಗೊತ್ತಾಗುತ್ತಿತ್ತಂತೆ. ಒಂದು ತಂತಿಯನ್ನು ರಕ್ತನಾಳದ ಒಳಗಿಂದ ಗುಂಡಿಗೆಯವರೆಗೆ ಇಳಿಸಿದರಂತೆ. ಕುರಿ ಎಷ್ಟಿವೆ ಎಂದು ಡಾಕ್ಟರು ಕೇಳಿದಾಗ, ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಅಲ್ಲೂ ಬಾಯಿ ಬಿಡಲಿಲ್ಲವಂತೆ.

ಹೊರಗೆ ತಂದಾಗ ಎಡ ಎದೆಯ ಮೇಲೆ ಬಿಳಿ ಪಟ್ಟಿ, ಮುಖದಲ್ಲಿ ದಣಿವು. ಮಾಣಿಕಮ್ಮನ ಕೈ ಸೀದಾ ಅವನ ಎದೆಗೆ ಹೋಯಿತು. "ಪಟ್ಟಿ ಮುಟ್ಟಬ್ಯಾಡ್ರಿ ಕಾಕಿ," ಎಂದಳು ವಹೀದಾ. ಅವಳ ಕೈಯನ್ನು ತಾನೇ ಹಿಡಿದು ಪಟ್ಟಿಗಿಂತ ಕೆಳಗೆ, ಬರಿ ಮೈಮೇಲೆ ಇಟ್ಟಳು. ಮಾಣಿಕಮ್ಮ ಕಣ್ಣು ಮುಚ್ಚಿ ನಿಂತಳು. ಹಿಂದೆ ಇನ್ನೊಂದು ಮಂಚ ಬರಬೇಕಾಗಿತ್ತು, ಆದರೂ ವಹೀದಾ ಅವಸರ ಮಾಡಲಿಲ್ಲ.

"ಬಡ್ಯಾಕತ್ತದ," ಎಂದಳು ಮಾಣಿಕಮ್ಮ. "ನಿಲ್ಲದಾಂಗ ಬಡ್ಯಾಕತ್ತದ."

ಒಂದೂವರೆ ತಿಂಗಳು ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು, ಭಾರ ಹಿಡಿಯಬಾರದು ಎಂದು ಹೇಳಿ ಮನೆಗೆ ಕಳಿಸಿದರು. ಕುರುಬನಿಗೆ ಇದು ಜೈಲು. ಮರದ ಟೊಂಗೆ ಎಳೆದು ಕುರಿಗೆ ಸೊಪ್ಪು ಹಾಕುವ ಕೈ ತಾನಾಗಿ ಮೇಲೆ ಹೋಗುತ್ತದೆ. ಮಾಣಿಕಮ್ಮ ಹಳೆಯ ಸೀರೆ ಹರಿದು ಅವನ ಕೈಯನ್ನು ಹೊಟ್ಟೆಗೆ ಕಟ್ಟಿ, ಕೋಲು ತಾನು ಹಿಡಿದು ಕುರಿ ಹೊಡೆದುಕೊಂಡು ಹೋಗತೊಡಗಿದಳು.

ಅಮಾವಾಸ್ಯೆ ಬಂತು. ಡೊಳ್ಳಿನವರು ಕರೆಯಲು ಬಂದರು. ಮಷೀನಿಗಿಂತ ಬೀರಪ್ಪ ದೊಡ್ಡವನು, ನೋಡೋಣ ಎಂಬ ಆಸೆ ಮಂದಿಗೆ ಇನ್ನೂ ಇತ್ತು. ಮಾಣಿಕಮ್ಮ ಗಂಡನಿಗೆ, "ಸುಮ್ಮ ಕುಂತು ಬರ್ರಿ. ಬೀಳಲಿಲ್ಲಂದ್ರ ದೇವರು ಮುನಿಸ್ಯಾನ ಅಂತ ತಿಳ್ಕೋತಾರ," ಎಂದು ಬುದ್ಧಿ ಹೇಳಿದಳು. ಅವನು ಹೂಂ ಎಂದು ಹೋದ. ನಾನೂ ದಾರಿಯಲ್ಲಿ ನಿಂತು ನೋಡಿದೆ.

ಡೊಳ್ಳು ಬಾರಿಸಿ ಬಾರಿಸಿ ಹುಡುಗರ ತೋಳು ಸೋತವು. ಭೀಮಶಾ ಕಟ್ಟೆಯ ಮೇಲೆ ನೆಟ್ಟಗೆ ಕೂತೇ ಇದ್ದ. ಆಮೇಲೆ ಕೈ ಎತ್ತಿ, ಬಲಗೈಯೇ, ಡೊಳ್ಳು ನಿಲ್ಲಿಸಿದ.

"ನನ್ನ ಮ್ಯಾಲ ದೇವರು ಬಂದಿರ್ಲಿಲ್ಲ," ಎಂದ. "ಗುಂಡಿಗಿ ನಿಲ್ತಿತ್ತು. ಸುಮ್ಮ ಇರಬೇಕಂತ ಮಾಡಿದ್ದೆ. ಆದ್ರ ನಾಳಿ ಮತ್ತ ಯಾರರೆ ಹಿಂಗ ಬಿದ್ರ ನೀವು ಕಾಯಿ ಒಡಕೋತ ಕುಂದರ್ತೀರಿ. ಎತ್ಕೊಂಡು ದವಾಖಾನಿಗಿ ಒಯ್ರಿ. ಇಷ್ಟೇ."

ಹೋದ ವರ್ಷ ಮಳೆ ಕೇಳಿದ ಮುದುಕನಿಗೆ ಸಿಟ್ಟು ಬಂತು. "ಹಂಗಾರ ಮಳಿ ಹ್ಯಾಂಗ ಹೇಳ್ದಿ?"

"ಆಕಾಶ ನೋಡಿ."

"ಆಕಾಶ ನಮಗೂ ಇತ್ತಲ್ಲ," ಎಂದು ಮುದುಕ ಗೊಣಗಿದ.

ಅವಿನಾಶ ಎದ್ದು ನಿಂತಿದ್ದ. ಮುಖ ಬಿಗಿದಿತ್ತು. "ಕಾಕಾ, ಕಾಜಲಳ ಸಂಬಂಧ ಬಿಡು ಅಂದಿ. ದೇವರ ಮಾತಂತ ಬಿಟ್ಟೆ. ಬೀಗರ ಮುಂದ ನನ್ನ ಮಾರಿ ಸಣ್ಣದಾತು. ಅದು ಯಾರ ಮಾತು?"

"ನಂದು," ಎಂದ ಭೀಮಶಾ.

ಅವಿನಾಶ ತಿರುಗಿ ಹೊರಟುಹೋದ. ಅವನ ಹಿಂದೆಯೇ ಉಳಿದವರೂ ಹೊರಟರು. ಒಡೆಯಲು ತಂದ ಕಾಯಿಗಳನ್ನು ತಿರುಗಿ ಮನೆಗೆ ಒಯ್ದರು. ಗುಡಿಯ ಮುಂದೆ ಅವನೊಬ್ಬನೇ ಉಳಿದ. ನಾನು ಹೋಗಿ ಪಕ್ಕದಲ್ಲಿ ಕೂತೆ. "ಹುಡುಗಿ ಕಾಲೇಜು ಬಿಡಸ್ತಾನೇನು?" ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಅವನ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿನ ಬಸ್ಸು ಬರುವ ಹೊತ್ತಿಗೆ ಭೀಮಶಾ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಬಂದು ಕೂತಿದ್ದ. ಯಾಕೆ ಬಂದಿದ್ದಾನೆಂದು ಗೊತ್ತಿದ್ದರಿಂದ ನಾನೂ ಹೋಗಿ ಕೂತೆ. ಮೊದಲು ಅವಿನಾಶ ಕಂಡ. ಅವನ ಹಿಂದೆ ಕಾಜಲ, ಹೆಗಲಿಗೆ ಚೀಲ. ಬಸ್ಸು ಬಂತು, ಹುಡುಗಿ ಹತ್ತಿದಳು, ಬಸ್ಸು ಹೋಯಿತು. ಅವಿನಾಶ ಹೋಗಲಿಲ್ಲ. ಕಟ್ಟೆಯ ಹತ್ತಿರ ಬಂದು ನಿಂತ. ಕಣ್ಣು ನಿದ್ದೆಗೆಟ್ಟು ಕೆಂಪಗಿದ್ದವು.

"ದೇವರ ಮಾತಂದಾಗ ಕೈ ಮುಗದು ಬಿಟ್ಟಿದ್ದೆ ಕಾಕಾ, ವಿಚಾರ ಮಾಡಿರ್ಲಿಲ್ಲ," ಎಂದ. "ನಿನ್ನ ಮಾತು ಅಂದ ಮ್ಯಾಲ ಕುಂತು ವಿಚಾರ ಮಾಡಬೇಕಾತು. ಮಾಡ್ದೆ. ನೀ ಹೇಳಿದ್ದು ಬರೋಬರಿ ಅದ."

ಭೀಮಶಾ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಿನಾಶ ಕೂತು ಕೇಳಿದ. "ಕೆಳಗಿನ ಹೊಲಕ್ಕ ಈ ಸಲ ಸೋಯಾ ಹಾಕಲೋ, ಉದ್ದು ಹಾಕಲೋ ಅಂತ ಮಾಡೀನಿ. ನಿನಗೇನು ಅನಸ್ತದ?"

ಭೀಮಶಾ ಹೇಳತೊಡಗಿದ. ಆ ಹೊಲದ ಮಣ್ಣು, ನೀರು ನಿಲ್ಲುವ ಮೂಲೆ, ಹಿಂದಿನ ಸಲ ಎಲ್ಲಿ ಬೆಳೆ ಹಳದಿಯಾಗಿತ್ತು ಎಂಬುದೆಲ್ಲ. ಅಷ್ಟರಲ್ಲಿ ಮಾಣಿಕಮ್ಮ ಕುರಿ ಹೊಡೆದುಕೊಂಡು ರಸ್ತೆಗೆ ಬಂದಳು. ಗಂಡ ಮಾತಾಡುವುದನ್ನೂ ಅವಿನಾಶ ತಲೆಯಾಡಿಸುತ್ತ ಕೇಳುವುದನ್ನೂ ಕಂಡು ನಿಂತುಬಿಟ್ಟಳು. ಕುರಿಗಳು ತಾವೇ ಮುಂದೆ ಹೋದವು. ಕೊಹಿನೂರಿನಲ್ಲಿ ಅಳದವಳು, ಕಲಬುರಗಿಯಲ್ಲಿ ಅಳದವಳು, ರಸ್ತೆಯ ನಡುವೆ ಕೋಲು ಹಿಡಿದು ನಿಂತು ಅಳುತ್ತಿದ್ದಳು.